ನೋವಿಗೆ ಎಷ್ಟು ಅಂಕ?

ಮೂರು ನಿಮಿಷಗಳ ಅವಧಿ. ಕೈಯಲ್ಲಿ ವಾದ್ಯವಿರಬಾರದು, ವೇಷ ತೊಡಬಾರದು, ಕವಿತೆ ಸ್ವಂತದ್ದಾಗಿರಬೇಕು. ಸಭಿಕರ ನಡುವಿನಿಂದಲೇ ಆರಿಸಿದ ಐದು ಮಂದಿ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕವನ್ನು ಬರೆದು ಎತ್ತಿ ಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಿನದನ್ನೂ ಎಲ್ಲಕ್ಕಿಂತ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸಲಾಗುತ್ತದೆ. ಪೊಯೆಟ್ರಿ ಸ್ಲ್ಯಾಮ್ ಎಂದು ಕರೆಯಲಾಗುವ ಕಾವ್ಯಸ್ಪರ್ಧೆಯ ಕ್ರಮ ಇದು. ಅಮೆರಿಕದ ಶಿಕಾಗೋ ನಗರದಲ್ಲಿ ಕಟ್ಟಡ ಕೆಲಸ ಮಾಡಿಕೊಂಡಿದ್ದ ಮಾರ್ಕ್ ಸ್ಮಿತ್ ಎಂಬ ಕವಿ 1986ರಲ್ಲಿ ಅಲ್ಲಿನ ಗ್ರೀನ್ ಮಿಲ್ ಎಂಬ ಪಾನಗೃಹದಲ್ಲಿ ಇದನ್ನು ಆರಂಭಿಸಿದರು. ಕಾವ್ಯವಾಚನವೆಂದರೆ ಪಂಡಿತರು ಪಂಡಿತರಿಗಾಗಿ ಓದುವುದು ಎಂಬಂತಾಗಿದ್ದ ಕಾಲದಲ್ಲಿ, ತೀರ್ಪು ನೀಡುವ ಹಕ್ಕನ್ನು ದಾರಿಯಲ್ಲಿ ಹೋಗುವವನ ಕೈಗೂ ಕೊಟ್ಟುದು ಅದರ ಹೊಸತನ. ಇಂದು ಈ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿದೆ. ಬೆಂಗಳೂರಿನಂಥ ನಗರಗಳ ಕಾಲೇಜುಗಳಲ್ಲಿ ನಡೆಯುವ ಇಂಥ ಸ್ಪರ್ಧೆಗಳನ್ನು ನಮ್ಮ ಮಕ್ಕಳು ತಮ್ಮ ಮೊಬೈಲುಗಳಲ್ಲಿ ನೋಡುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಯುವಜನರಿಗಾಗಿ ನಾವೂ ಇದನ್ನೇಕೆ ನಡೆಸಬಾರದು ಎಂದು ಅವರು ಕೇಳಿದರೆ ಅದು ಸಹಜವೇ ಆಗಿದೆ.

ನಡೆಸಬೇಕು ಎಂಬುದೇ ನನ್ನ ಅಭಿಪ್ರಾಯ. ನಮ್ಮ ಶಾಲೆಗಳ ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳು ಇತರರು ಬರೆದುಕೊಟ್ಟುದನ್ನು ಉರುಹೊಡೆದು, ಇತರರು ಕಲಿಸಿದ ಜಾಗದಲ್ಲಿ ಕೈಯೆತ್ತಿ, ಇತರರು ಹೇಳಿದ ಜಾಗದಲ್ಲಿ ದನಿಯೇರಿಸಿ ಕೆಳಗಿಳಿಯುವುದನ್ನು ನೋಡಿ ಬೇಸತ್ತವರಿಗೆ, ಒಬ್ಬ ಹುಡುಗ ತನ್ನದೇ ಮಾತನ್ನು ತಾನೇ ಕಟ್ಟಿ ಹೇಳುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಉತ್ಸಾಹದ ಜೊತೆಗೇ ಒಂದು ನೈತಿಕ ಪ್ರಶ್ನೆಯೂ ಬರುತ್ತದೆ. ವೇದಿಕೆಯ ಸಿದ್ಧತೆಯ ಗಡಿಬಿಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಇಲ್ಲಿ ಕೇಳಬೇಕಾಗಿದೆ.

ಮೊದಲು ಒಂದು ಮಾತು. ಜನರೆದುರು ಕಾವ್ಯದ ಪಂದ್ಯ ಕಟ್ಟುವುದು ನಮ್ಮ ಸೀಮೆಗೆ ಶಿಕಾಗೋದಿಂದ ಬರಬೇಕಾದ ಸರಕಲ್ಲ. ಹರದೇಶಿ-ನಾಗೇಶಿ ಹಾಡಕಿಯನ್ನು ಕೇಳಿದ ಹಿರಿಯರು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿಯೂ ಇದ್ದಾರೆ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾಗುತ್ತವೆ. ಒಬ್ಬರ ಕೈಯಲ್ಲಿ ದಪ್ಪು, ಇನ್ನೊಬ್ಬರ ಕೈಯಲ್ಲಿ ತುಂತುಣಿ, ಮತ್ತೊಬ್ಬರ ಕೈಯಲ್ಲಿ ತಾಳ. ಮುಮ್ಮೇಳದವರು ನುಡಿ ಎತ್ತಿದೊಡನೆ ಹಿಮ್ಮೇಳದವರು ಗೀ ಗೀ ಎಂದು ದನಿಗೂಡಿಸುತ್ತಾರೆ. ಹರದೇಶಿಯವರು ಪುರುಷ ಹೆಚ್ಚೆಂದು ವಾದ ಹೂಡಿದರೆ ನಾಗೇಶಿಯವರು ಶಕ್ತಿ, ಅಂದರೆ ಹೆಣ್ಣು, ಹೆಚ್ಚೆಂದು ಉತ್ತರ ಕೊಡುತ್ತಾರೆ. ಒಂದು ಮೇಳ ಹಾಕಿದ ಸವಾಲಿಗೆ ಇನ್ನೊಂದು ಮೇಳ ಜವಾಬು ಕೊಡದೆ ಮುಂದೆ ಹೋಗುವಂತಿಲ್ಲ. ಪುರಾಣದ ತಿಳಿವಳಿಕೆ, ಲೆಕ್ಕ, ಒಗಟು, ಲೋಕಾನುಭವ ಎಲ್ಲವೂ ಆ ವಾದದಲ್ಲಿ ಬರುತ್ತವೆ. ಬೆಳಗಿನ ಜಾವದವರೆಗೂ ಅಲುಗಾಡದೆ ಕುಳಿತ ಜನರೇ ಅಲ್ಲಿ ತೀರ್ಪುಗಾರರು. ಆದರೆ ಅವರ ಕೈಯಲ್ಲಿ ಅಂಕದ ಹಲಗೆ ಇರುವುದಿಲ್ಲ.

ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಇದೇ ಲಾವಣಿ ಮತ್ತು ಗೀಗೀ ಪದಗಳು ನಮ್ಮ ಜಿಲ್ಲೆಯ ಹಳ್ಳಿಹಳ್ಳಿಗಳಿಗೆ ದೇಶದ ಸುದ್ದಿಯನ್ನು ಮುಟ್ಟಿಸಿದವು. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿಯ ಹೆಸರು ಆ ಕಾಲದ ನೆನಪುಳ್ಳ ಮನೆಗಳಲ್ಲಿ ಇನ್ನೂ ಉಳಿದಿದೆ. ಹಳೆಯ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣನವರಿಂದ ಶ್ರೀಕೃಷ್ಣ ಪಾರಿಜಾತವೆಂಬ ಆಟ ನಾಡಿನುದ್ದಗಲಕ್ಕೂ ಹರಡಿತು. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಆ ಆಟದ ಹೆಸರಾಂತ ಕಲಾವಿದೆಯಾದರು. ಹೆಣ್ಣುಮಕ್ಕಳು ರಂಗವೇರುವುದನ್ನು ಮರ್ಯಾದೆಯ ಪ್ರಶ್ನೆಯಾಗಿ ಕಾಣುತ್ತಿದ್ದ ಕಾಲದಲ್ಲಿ ಆಕೆ ಪಡೆದ ಕೀರ್ತಿ ಎಷ್ಟು ದುಬಾರಿಯದಾಗಿತ್ತೋ ದೇವರೇ ಬಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಕೃಷ್ಣಶರ್ಮರು, ಅಂದರೆ ಆನಂದಕಂದರು, ತಮ್ಮ ‘ನಲ್ವಾಡುಗಳು’ ಕವಿತೆಗಳನ್ನು ಮನೆಯ ಆಡುಮಾತಿನಲ್ಲೇ ಬರೆದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1964ರಲ್ಲಿ ಪ್ರಕಟಿಸಿದ ನೀಳ್ಗವಿತೆಗೆ ‘ಹೇಳತೇನ ಕೇಳ’ ಎಂದು ಹೆಸರಿಟ್ಟರು. ನಮ್ಮ ಮಕ್ಕಳು ವೇದಿಕೆ ಹತ್ತಿದೊಡನೆ ಮುಚ್ಚಿಡಲು ಯತ್ನಿಸುವ ಆಡುನುಡಿಯೇ ಅಲ್ಲಿ ಪುಸ್ತಕದ ಹೊದಿಕೆಯ ಮೇಲೆ ನಿಂತಿದೆ. ಆ ಕವಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಬಡತನದಿಂದ ಓದು ನಿಲ್ಲುವ ಹಂತದಲ್ಲಿದ್ದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ವಿದ್ಯಾಭ್ಯಾಸದ ವೆಚ್ಚ ವಹಿಸಿಕೊಂಡರು ಎಂಬುದನ್ನೂ ಇಲ್ಲಿ ನೆನೆಯಬೇಕು. ಹಾಡುವವನ ಹಿಂದೆ ಯಾರಾದರೊಬ್ಬ ಹಿರಿಯರು ನಿಂತಿರುತ್ತಾರೆ.

ಇನ್ನು ಪ್ರಶ್ನೆಗೆ ಬರೋಣ. ಹಾಡಕಿಯಲ್ಲಿ ನಾಗೇಶಿಯ ಪಕ್ಷವನ್ನು ಹಾಡುವಾಕೆ ತನ್ನ ಮನೆಯ ಕಥೆಯನ್ನು ಹೇಳುವುದಿಲ್ಲ. ಅವಳ ಪಕ್ಷ ಅವಳಿಗೆ ಗುರುಪರಂಪರೆಯಿಂದ ಬಂದುದು. ಹೆಣ್ಣಿನ ನೋವನ್ನು ಹಾಡುವಾಗ ಆಕೆಯ ಸ್ವಂತ ನೋವೂ ಆ ಮಾತಿನ ಒಳಗೆ ಸೇರಿರಬಹುದು. ಸೇರಿಯೇ ಇರುತ್ತದೆ ಎಂದು ನನ್ನ ನಂಬಿಕೆ. ಆದರೆ ಎಷ್ಟು ಸೇರಿದೆ ಎಂಬುದು ಕೇಳುವವನಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸೋತರೆ ಆ ರಾತ್ರಿ ಒಂದು ಜವಾಬು ಸೋತಿತು, ಅಷ್ಟೆ. ಹಾಡಕಿಯಲ್ಲಿ ಒರಟು ಮಾತಿಲ್ಲವೆಂದಲ್ಲ. ಮನೆಮಂದಿಯೆಲ್ಲ ಕುಳಿತು ಕೇಳಲಾಗದ ನುಡಿಗಳೂ ಅಲ್ಲಿ ಬಂದುಬಿಡುತ್ತವೆ. ಆದರೂ ಆ ಒರಟುತನ ಪಕ್ಷದ ಮೇಲೆ ಬೀಳುತ್ತದೆಯೇ ಹೊರತು ಹಾಡುವವರ ಎದೆಯ ಮೇಲೆ ಬೀಳುವುದಿಲ್ಲ.

ಸ್ಲ್ಯಾಮಿನಲ್ಲಿ ಇಂಥ ಮರೆ ಇಲ್ಲ. ಅಲ್ಲಿ ‘ನಾನು’ ಎಂದರೆ ನಾನೇ. ವೇಷವಿಲ್ಲ, ವಾದ್ಯವಿಲ್ಲ, ಪುರಾಣವಿಲ್ಲ. ಇರುವುದು ಒಂದು ಮೈಕು ಮತ್ತು ಒಂದು ಜೀವ. ಅದರ ಶಕ್ತಿಯೂ ಅಪಾಯವೂ ಇದರಲ್ಲೇ ಇವೆ. ಯಾವ ಕವಿತೆಗೆ ಸಭೆ ಉಸಿರು ಬಿಗಿಹಿಡಿಯುತ್ತದೆ ಎಂಬುದನ್ನು ಮಕ್ಕಳು ಬಹು ಬೇಗ ಕಂಡುಕೊಳ್ಳುತ್ತಾರೆ. ಮಳೆಯ ಕವಿತೆಗೆ ಆರು ಅಂಕ ಬಂದು, ತಾಯಿಯ ಮೈಮೇಲಿನ ಬಾಸುಂಡೆಯ ಕವಿತೆಗೆ ಒಂಬತ್ತೂವರೆ ಬಂದರೆ, ಮುಂದಿನ ತಿಂಗಳು ಎಲ್ಲರೂ ತಮ್ಮ ಮನೆಯೊಳಗೆ ಬಾಸುಂಡೆ ಹುಡುಕತೊಡಗುತ್ತಾರೆ. ಇಲ್ಲದವರು ಕಲ್ಪಿಸಿಕೊಳ್ಳುತ್ತಾರೆ, ಇರುವವರು ಅದನ್ನು ಪ್ರತಿ ಬಾರಿಯೂ ಸ್ವಲ್ಪ ಕೆದಕಿ ತೋರಿಸಬೇಕಾಗುತ್ತದೆ. ನೋವು ಅಂಕದ ಬಂಡವಾಳವಾಗುತ್ತಿದೆ ಎಂಬ ಈ ಟೀಕೆ ಸ್ಲ್ಯಾಮ್ ಬಲ್ಲವರ ನಡುವೆಯೇ ಇದೆ. ಅಂಕ ಮುಖ್ಯವಲ್ಲ, ಕವಿತೆ ಮುಖ್ಯ ಎಂಬ ಮಾತೂ ಅವರಲ್ಲಿ ಹಳೆಯದು. ಆದರೆ ಹದಿನಾರು ವರ್ಷದ ಹುಡುಗಿಗೆ, ತನ್ನ ಬದುಕಿನ ಅತ್ಯಂತ ಕತ್ತಲೆಯ ರಾತ್ರಿಯನ್ನು ಹೇಳಿ ಮುಗಿಸಿದ ಬಳಿಕ ಎದುರಿನ ಐದು ಹಲಗೆಗಳಲ್ಲಿ ಐದೂವರೆ, ಆರು ಎಂದು ಕಂಡಾಗ, ಆ ಮಾತು ಎಷ್ಟು ಸಮಾಧಾನ ಕೊಟ್ಟೀತು?

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮೂಡಲಗಿಯ ಸುತ್ತಿನ ಒಂದು ಹಳ್ಳಿಯ ಹುಡುಗಿ. ಪದವಿಪೂರ್ವ ತರಗತಿಯಲ್ಲಿ ಓದುತ್ತಾಳೆ. ತಂದೆ ಕುಡಿಯುತ್ತಾರೆ, ಕುಡಿದಾಗ ಮನೆಯಲ್ಲಿ ಗದ್ದಲ, ಇಳಿದಾಗ ಮಗಳ ತಲೆ ನೇವರಿಸಿ ಅಳು. ಅವಳು ಇದನ್ನು ಬರೆದಿದ್ದಾಳೆ, ಚೆನ್ನಾಗಿಯೂ ಬರೆದಿದ್ದಾಳೆ. ಶಿಕಾಗೋದಲ್ಲಾದರೆ ಆ ತಂದೆ ಯಾರೆಂದು ಸಭೆಗೆ ತಿಳಿಯುವುದಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು ಆ ತಂದೆಯ ಜೊತೆ ದುಡಿಯುವವರು. ಹಿಂದಿನ ಸಾಲಿನಲ್ಲಿ ಕುಳಿತವರು ನಾಳೆ ಅವಳ ಅಕ್ಕನಿಗೆ ವರ ನೋಡಬೇಕಾದವರು. ಅವಳು ಹೇಳುವುದು ಸತ್ಯ. ಸತ್ಯವನ್ನು ಹೇಳುವ ಹಕ್ಕು ಅವಳಿಗಿದೆ. ತಂದೆತಾಯಿಯರನ್ನು ಗೌರವಿಸಬೇಕೆಂಬ ದೇವರ ಕಟ್ಟಳೆಯನ್ನೂ ಅವಳು ಬಲ್ಲಳು. ಈ ಎರಡರ ನಡುವೆ ಅವಳನ್ನು ಒಂಟಿಯಾಗಿ ನಿಲ್ಲಿಸಿ, ಮೂರು ನಿಮಿಷದ ಗಂಟೆ ಬಾರಿಸಿ, ನಾವು ಕುರ್ಚಿಯಲ್ಲಿ ಒರಗಿ ಕೂರಬಹುದೆ?

ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಇಲ್ಲೊಂದು ವ್ಯತ್ಯಾಸ ತಟ್ಟನೆ ಹೊಳೆಯಬೇಕು. ಅಲ್ಲಿ ನಾವು ಹೇಳುವುದು ನಾವು ಮಾಡಿದ ತಪ್ಪನ್ನು. ಕೇಳುವವರು ಒಬ್ಬರೇ ಗುರುಗಳು. ಕೇಳಿದ್ದನ್ನು ಅವರು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ವೇದಿಕೆಯ ಮೇಲಿನ ನಿವೇದನೆಯಲ್ಲಿ ಹೆಚ್ಚಾಗಿ ಹೇಳುವುದು ಇತರರು ನಮಗೆ ಮಾಡಿದ ತಪ್ಪನ್ನು, ಕೇಳುವವರು ನೂರಾರು, ಅವರ ಮೇಲೆ ಯಾವ ಮುದ್ರೆಯೂ ಇಲ್ಲ. ಈಗಂತೂ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇದೆ. ಹಾಡಕಿಯ ಮಾತು ಕೋಳಿ ಕೂಗುವ ಹೊತ್ತಿಗೆ ಗಾಳಿಗೆ ಸೇರುತ್ತಿತ್ತು. ಹುಡುಗಿಯ ಮೂರು ನಿಮಿಷ ಅವಳ ಮದುವೆಯ ದಿನವೂ, ಅವಳ ಮಕ್ಕಳು ಶಾಲೆಗೆ ಹೋಗುವ ದಿನವೂ ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ. ತಂದೆ ಕುಡಿತ ಬಿಟ್ಟು ಹತ್ತು ವರ್ಷವಾದರೂ ಅದರಲ್ಲಿ ಅವರು ಕುಡಿಯುತ್ತಲೇ ಇರುತ್ತಾರೆ.

ನಮ್ಮ ಜನಪದ ರಂಗಭೂಮಿಯೂ ಈ ದೋಷದಿಂದ ಪೂರ್ತಿ ಮುಕ್ತವಾಗಿಲ್ಲ. ಪತ್ತಾರ ಮಾಸ್ತರರ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೈಲಹೊಂಗಲದಲ್ಲಿ ನಡೆದ ನಿಜವಾದ ಘಟನೆಯೊಂದರ ಮೇಲೆ ನಿಂತದ್ದು. ಸ್ನೇಹ, ಮೋಹ, ಕೊಲೆಗಳ ಆ ಆಟ ನಾಡಿನ ಅತ್ಯುತ್ತಮ ಜನಪದ ನಾಟಕಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಂಗಿ ಎಂಬ ಹೆಸರು ತಲೆಮಾರುಗಳವರೆಗೆ ಊರೂರಿನ ಬಾಯಲ್ಲಿ ಹೊರಳಾಡಿತಲ್ಲ, ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳು ಇದ್ದಿರಬೇಕು. ಅವಳ ಕಡೆಯ ಮಾತನ್ನು ಕೇಳಿ ಯಾರೂ ಪದ ಕಟ್ಟಲಿಲ್ಲ.

ಹಾಗಾದರೆ ಮಕ್ಕಳಿಗೆ ಸುಮ್ಮನಿರಲು ಹೇಳೋಣವೆ? ಮನೆಯ ಮಾತು ಹೊಸ್ತಿಲು ದಾಟಬಾರದು ಎಂಬ ಹಿರಿಯರ ಬುದ್ಧಿವಾದ ಎಷ್ಟು ಮನೆಗಳಲ್ಲಿ ಎಷ್ಟು ಅನ್ಯಾಯವನ್ನು ಕಾಪಾಡಿದೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಕ್ರೈಸ್ತ ಕುಟುಂಬಗಳು ಇದಕ್ಕೆ ಹೊರತೆಂದು ಹೇಳುವ ಧೈರ್ಯ ನನಗಿಲ್ಲ. ಮೌನವನ್ನು ತಾಳ್ಮೆಯೆಂದೂ, ತಾಳ್ಮೆಯನ್ನು ಶಿಲುಬೆಯೆಂದೂ ಹೆಸರಿಸಿ ಹೆಣ್ಣುಮಕ್ಕಳ ಹೆಗಲಿಗೇರಿಸಿದ್ದೇವೆ. ಪವಿತ್ರ ಗ್ರಂಥ ಹಾಗೆ ಮಾಡುವುದಿಲ್ಲ. ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳಲಿನ ಹಾಡುಗಳು. ದೇವರೊಡನೆ ಜಗಳವಾಡುವ, ಏಕೆಂದು ಕೇಳುವ, ಎಲ್ಲಿಯವರೆಗೆಂದು ಕೇಳುವ ಹಾಡುಗಳು. 88ನೆಯ ಕೀರ್ತನೆಯಂತೂ ಯಾವ ಸಾಂತ್ವನವೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಪ್ರತಿ ಕವಿತೆಯ ಕೊನೆಗೂ ಒಂದು ಆಶಾಕಿರಣ ಇರಲೇಬೇಕೆಂದು ಮಕ್ಕಳನ್ನು ಒತ್ತಾಯಿಸುವ ನಮ್ಮ ಶಿಕ್ಷಕರು ಆ ಕೀರ್ತನೆಯನ್ನು ಒಮ್ಮೆ ಓದಬೇಕು.

ಆದರೆ ಆ ಹಾಡುಗಳಲ್ಲಿ ಇನ್ನೊಂದು ಗಮನಾರ್ಹ ಸಂಗತಿ ಇದೆ. ಶತ್ರು ಎಂಬ ಮಾತು ಮತ್ತೆಮತ್ತೆ ಬಂದರೂ ಹಾಡಿನೊಳಗೆ ಆ ಶತ್ರುವಿನ ಹೆಸರು ಬಹುಮಟ್ಟಿಗೆ ಕಾಣುವುದಿಲ್ಲ. ಯಾರೋ ಒಬ್ಬನ ಗಾಯದಿಂದ ಹೊರಟ ‘ನಾನು’ ಎಂಬುದು ದೇವಾಲಯದಲ್ಲಿ ಇಡೀ ಸಭೆಯ ಬಾಯಲ್ಲಿ ‘ನಾನು’ ಆಗುತ್ತದೆ. ಭಾನುವಾರದ ಬಲಿಪೂಜೆಯಲ್ಲಿ ನಾವು ಅದಕ್ಕೆ ದನಿಗೂಡಿಸುವಾಗ, ಪಕ್ಕದಲ್ಲಿ ನಿಂತವನ ನೋವು ನಿಜವಾಗಿ ಅವನದೋ, ಕೀರ್ತನೆಕಾರನದೋ ಎಂದು ಯಾರೂ ವಿಚಾರಿಸುವುದಿಲ್ಲ. ನಾಗೇಶಿಯ ಹಾಡುಗಾತಿಗೆ ಅವಳ ಪಕ್ಷ ಕೊಟ್ಟ ಮರೆಯನ್ನೇ ಕೀರ್ತನೆ ನಮಗೆ ಕೊಡುತ್ತದೆ. ಪ್ರವಾದಿ ನಾತಾನನ ಪ್ರಸಂಗವನ್ನೂ ನೆನೆಯಬಹುದು. ಅರಸ ದಾವೀದನ ಘೋರ ಅಪರಾಧವನ್ನು ಅವನ ಮುಖಕ್ಕೆ ಹೇಳಬೇಕಾಗಿ ಬಂದಾಗ ನಾತಾನ ಒಬ್ಬ ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಕಥೆಯೊಳಗಿನ ಅನ್ಯಾಯಕ್ಕೆ ಅರಸನೇ ಸಿಡಿದೆದ್ದು ತೀರ್ಪು ನುಡಿದ ಮೇಲೆ, ಆ ತೀರ್ಪು ಅವನಿಗೇ ಅನ್ವಯಿಸುತ್ತದೆ ಎಂಬುದನ್ನು ತೋರಿಸಿಕೊಟ್ಟ. ನಾತಾನ ಹೆದರಿ ಕಥೆಯ ಮರೆ ಹೊಕ್ಕನೆಂದು ಯಾರೂ ಹೇಳಲಾರರು. ಕೇಳುವವನ ಕಿವಿ ತೆರೆಯಲು ಅವನಿಗೆ ಕಥೆ ಬೇಕಾಗಿತ್ತು.

ನಮ್ಮ ಕಾರ್ಯಾಗಾರಗಳು ಮಕ್ಕಳಿಗೆ ಕಲಿಸಬೇಕಾದುದು ಈ ವಿದ್ಯೆಯನ್ನೇ ಎಂದು ನಾನು ತಿಳಿದಿದ್ದೇನೆ. ಉಸಿರು, ದನಿ, ನಿಲುವು, ಬಾಯಿಪಾಠ ಇವೆಲ್ಲ ಬೇಕು, ಒಂದೆರಡು ದಿನಗಳಲ್ಲಿ ಬರುತ್ತವೆ. ‘ನನ್ನಪ್ಪ’ ಎಂದು ಬರೆದವಳಿಗೆ, ಅದನ್ನೇ ಮನೆಯ ಬಾಗಿಲ ಚಿಲಕ ಹೇಳಿದರೆ ಹೇಗಿರುತ್ತದೆ, ಅಪ್ಪನೇ ಹೇಳಿದರೆ ಹೇಗಿರುತ್ತದೆ ಎಂದು ಕೇಳಿ ನೋಡಬೇಕು. ಅಪ್ಪನ ಬಾಯಿಂದ ಬರೆಯಲು ಕುಳಿತವಳಿಗೆ ಅಪ್ಪನ ಬಗ್ಗೆ ಹೊಸದೇನೋ ತಿಳಿಯಬಹುದು. ಎಲ್ಲರ ಕವಿತೆಗಳನ್ನೂ ಹೆಸರಿಲ್ಲದೆ ಒಂದು ಬುಟ್ಟಿಗೆ ಹಾಕಿ, ಕೈಗೆ ಬಂದ ಇನ್ನೊಬ್ಬರ ಕವಿತೆಯನ್ನು ತನ್ನದೆಂಬಂತೆ ಓದಿಸುವುದು ಒಂದು ಸುಲಭ ಅಭ್ಯಾಸ. ಆಗ ಅಂಕ ಕೊಟ್ಟರೂ ಅದು ಬರೆದವರ ಎದೆಗೆ ತಾಗುವುದಿಲ್ಲ. ಇನ್ನೊಬ್ಬರ ನೋವನ್ನು ಬಾಯಲ್ಲಿಟ್ಟುಕೊಂಡ ಹುಡುಗ ಅದನ್ನು ಅಷ್ಟು ಬೇಗ ಉಗುಳಲೂ ಆರ.

ವಸ್ತುಗಳಿಗೇನು ಕೊರತೆ? ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನೀರು ತಗ್ಗಿದ ಬೇಸಿಗೆಗಳಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ನಿಲ್ಲುತ್ತದೆ. ಅದನ್ನು ನೋಡಲು ಜನ ಕಿಕ್ಕಿರಿದು ಬರುತ್ತಾರೆ. ಅಣೆಕಟ್ಟಿಗಾಗಿ ಮನೆ ಬಿಟ್ಟವರ ಮೊಮ್ಮಕ್ಕಳು ಅದನ್ನು ಹೇಗೆ ನೋಡುತ್ತಾರೆ? 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆಯನ್ನು ಮುಳುಗಿಸಿ ಗೋಕಾಕದ ಬೀದಿಗಳಿಗೆ ನುಗ್ಗಿದಾಗ ಚಿಕ್ಕವರಾಗಿದ್ದ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ಪ್ರವಾಹದ ದಿನಗಳಲ್ಲಿ ಕ್ಯಾಮೆರಾ ಹಿಡಿದು ಬಂದವರು ಅಳುವವರನ್ನೇ ಹುಡುಕುತ್ತಾರೆ. ಸುಮ್ಮನೆ ಕೆಸರು ಬಳಿಯುತ್ತ ನಿಂತವರ ಕಡೆಗೆ ಕ್ಯಾಮೆರಾ ತಿರುಗುವುದು ಕಡಿಮೆ. ಹೇಳಿಕೊಳ್ಳಲು ಬಾರದ ಆ ಜನರ ಪರವಾಗಿ ಮಾತನಾಡುವುದನ್ನು ನಮ್ಮ ಹುಡುಗರು ಕಲಿಯಲಿ. ತೊದಲು ನಾಲಿಗೆಯ ಮೋಶೆಗೆ ದೇವರು ಆರೋನನನ್ನು ಜೊತೆಮಾಡಿದ್ದು ಅದಕ್ಕಾಗಿಯೇ ಅಲ್ಲವೆ?

ಇಷ್ಟಾಗಿಯೂ ಒಬ್ಬಳು, ಒಬ್ಬ, ಮರೆಯೇ ಬೇಡ, ನಾನೇ ಹೇಳುತ್ತೇನೆ ಎನ್ನಬಹುದು. ಆಗ ಜವಾಬ್ದಾರಿ ನಮ್ಮ ಮೇಲೆ ಬರುತ್ತದೆ. ವೇದಿಕೆಯ ಮುಂಚೆಯೇ ಯಾರಾದರೊಬ್ಬ ಹಿರಿಯರು, ಸಾಧ್ಯವಾದರೆ ಒಬ್ಬ ಹೆಣ್ಣುಮಗಳು, ಅವಳೊಡನೆ ಕುಳಿತು, ನಾಳೆ ಬೆಳಿಗ್ಗೆ ಏನಾಗುತ್ತದೆ ಎಂಬುದನ್ನು ಮಾತಾಡಬೇಕು. ಆ ಸಂಜೆ ಮೊಬೈಲುಗಳು ಚೀಲದಲ್ಲಿರಬೇಕು. ಸ್ವಂತ ಬದುಕಿನ ಸಾಕ್ಷ್ಯವೆಂದು ಕವಿಯೇ ಹೇಳಿದ ಕವಿತೆಗೆ ಅಂಕ ಕೊಡಬಾರದು. ಅದನ್ನು ಸ್ಪರ್ಧೆಯ ಹೊರಗಿಟ್ಟು ಎದ್ದು ನಿಂತು ಕೇಳಬಹುದು. ಅಂಕವಿಲ್ಲದಿದ್ದರೆ ಸ್ಪರ್ಧೆಯ ಕಾವು ಇಳಿಯುತ್ತದೆ ಎನ್ನುವವರಿದ್ದಾರೆ. ಇಳಿಯಲಿ.

ಇನ್ನೂ ಒಂದು ಸಂಗತಿ ಇದೆ. ಅದರ ವಿಷಯದಲ್ಲಿ ಕಾವ್ಯದ ಚರ್ಚೆಗೆ ಅವಕಾಶವೇ ಇಲ್ಲ. ಹದಿನೆಂಟು ತುಂಬದ ಮಗುವೊಂದು ತನ್ನ ಮೇಲೆ ನಡೆದ, ಅಥವಾ ನಡೆಯುತ್ತಿರುವ, ಲೈಂಗಿಕ ದೌರ್ಜನ್ಯವನ್ನು ಕವಿತೆಯಲ್ಲಿ ಹೇಳಿದರೆ, ಕೇಳಿದ ಶಿಕ್ಷಕರಾಗಲಿ ಗುರುಗಳಾಗಲಿ ಕನ್ಯಾಸ್ತ್ರೀಯರಾಗಲಿ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿರುತ್ತದೆ. ಕಾರ್ಯಾಗಾರ ನಡೆಸುವವರು ಇದನ್ನು ಮೊದಲ ದಿನವೇ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಬಿಡಬೇಕು: ನೀವು ಹೇಳಿದ್ದನ್ನು ನಾವು ಕೇಳುತ್ತೇವೆ, ಆದರೆ ಕೆಲವು ಮಾತುಗಳನ್ನು ಕೇಳಿ ನಾವು ಸುಮ್ಮನೆ ಕೂರಲಾರೆವು. ಕೇಳಿ, ಮೆಚ್ಚಿ, ಚಪ್ಪಾಳೆ ತಟ್ಟಿ, ಬಹುಮಾನ ಕೊಟ್ಟು, ಮತ್ತೆ ಅದೇ ಮನೆಗೆ ಅವಳನ್ನು ಕಳಿಸಿಕೊಡುವ ಸಭೆಗಿಂತ ಕ್ರೂರವಾದ ಸಭೆ ಇನ್ನಾವುದಿದೆ?

ತಂದೆಯನ್ನು ಕರೆಯಬೇಕೆ ಬೇಡವೆ ಎಂಬುದು ಉಳಿಯಿತು. ನಾನು ಮೇಲೆ ಕಲ್ಪಿಸಿದ ಹುಡುಗಿಯ ವಿಷಯದಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಮಗಳ ಕವಿತೆಯನ್ನು ನೂರು ಮಂದಿಯ ನಡುವೆ ಕೇಳಿ ಕುಡಿತ ಬಿಡುವ ತಂದೆ ಇರಬಹುದು. ಮನೆಗೆ ಹೋಗಿ ಅವಳ ಪುಸ್ತಕಗಳನ್ನು ಒಲೆಗೆ ಹಾಕುವ ತಂದೆಯೂ ಇರಬಹುದು. ಯಾವ ತಂದೆ ಎಂಬುದು ಅವಳಿಗೆ ಗೊತ್ತು, ನಮಗೆ ಗೊತ್ತಿಲ್ಲ. ಆದ್ದರಿಂದ ಅವಳನ್ನೇ ಕೇಳಬೇಕು. ಕೊನೆಯ ಗಳಿಗೆಯಲ್ಲಿ ಅವಳು ಹಿಂದೆಗೆದರೆ ಹೆಸರು ಕೂಗಿ ಕರೆಯಬಾರದು, ಕಾರಣ ಕೇಳಬಾರದು. ಕಾರ್ಯಕ್ರಮ ಪಟ್ಟಿಯ ಮುಂದಿನ ಹೆಸರನ್ನು ಓದಿ, ಅವಳ ಕುರ್ಚಿಯನ್ನು ಸಭಿಕರ ಸಾಲಿನಲ್ಲಿ ಹಾಗೆಯೇ ಇರಗೊಡಬೇಕು.